ಕಾಪಿ ಆಯ್ತಾ?

ಬಣಕಲ್ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ‘ಕಾಪಿ ಆಯ್ತಾ ಅಮ್ಮ?’ ಎಂದು ಕೇಳಿದರೆ ವಿಶಾಲಾಕ್ಷಮ್ಮ ಈಗ ಉತ್ತರ ಕೊಡುವುದಿಲ್ಲ. ಕೈಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದೆ ಹೋಗುತ್ತಾರೆ. ಈ ಸೀಮೆಯಲ್ಲಿ ಆ ಮಾತಿಗೆ ಉತ್ತರ ಕೊಡದೆ ಹೋಗುವುದೆಂದರೆ ಮಾತು ಬಿಟ್ಟ ಹಾಗೆಯೇ. ಅಷ್ಟು ಸಿಟ್ಟು ಯಾಕೆ ಈ ಹೆಂಗಸಿಗೆ ಎಂದು ಊರಿನವರು ಕೇಳುತ್ತಾರೆ. ಕೇಳುವವರಿಗೇನು, ಕಳೆದುಕೊಂಡದ್ದು ಅವರಲ್ಲವಲ್ಲ.

ವಿಶಾಲಾಕ್ಷಮ್ಮನ ತವರು ವಸ್ತಾರೆಯ ಹತ್ತಿರ. ನಾಗೇಶಪ್ಪನವರನ್ನು ಕಟ್ಟಿಕೊಂಡು ಬಣಕಲ್ ಕಡೆಗೆ ಬಂದಾಗ ಸಿಕ್ಕಿದ್ದು ಸಣ್ಣ ತೋಟ. ಲೆಕ್ಕಕ್ಕೊಬ್ಬ ರೈಟರು, ಆಳುಗಳಿಗೊಬ್ಬ ಮೇಸ್ತ್ರಿ ಎಂದು ಇಟ್ಟುಕೊಳ್ಳುವಷ್ಟು ದೊಡ್ಡದಲ್ಲ. ತೋಟ ಗಂಡನದು, ಕಾಫಿ ಒಣಗಿಸುವ ಕಣ ಹೆಂಡತಿಯದು ಎಂದು ಕೆಲಸ ತಾನಾಗಿಯೇ ಹಂಚಿಹೋಯಿತು. ನಾಗೇಶಪ್ಪನವರಿಗಿದ್ದ ದೊಡ್ಡ ಆಸ್ತಿಯೆಂದರೆ ಗಂಟಲು. ತೋಟದ ಮೇಲಿನ ಮೂಲೆಯಲ್ಲಿ ನಿಂತು ಕೂಗಿದರೆ ಒಲೆಯ ಮುಂದೆ ಕೂತವರಿಗೆ ಕೇಳಬೇಕು. ಬೆಳಿಗ್ಗೆ ಎದ್ದಲ್ಲಿಂದ ಮಲಗುವವರೆಗೆ ಮಾತು. ಆಳುಗಳ ಮೇಲೆ ಮಾತು, ಮಂಗಗಳ ಮೇಲೆ ಮಾತು, ಬರದ ಬಸ್ಸಿನ ಮೇಲೆ ಮಾತು. ಜೇಬಿನಲ್ಲಿ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಯಾರಿಗಾದರೂ ಸಂದೇಶ ಕಳಿಸಬೇಕೆಂದರೆ ಹೆಂಡತಿಯ ಸ್ಮಾರ್ಟ್‌ಫೋನು ಕಸಿದುಕೊಂಡು ಅದರಲ್ಲಿ ಮಾತಾಡಿ ಕಳಿಸುತ್ತಿದ್ದರು. ‘ಬರೆಯೋ ಕರ್ಮ ನಂಗ್ಯಾಕೆ ಮಾರಾಯ್ತಿ, ಬಾಯಿಲ್ವಾ?’ ಎನ್ನುತ್ತಿದ್ದರು.

ಆ ಗಂಟಲಿಗೇ ರೋಗ ಬಂತು. ಕಾಫಿ ಕೊಯ್ಲು ಮುಗಿದ ಮೇಲೆ ಸ್ವರ ಗೊಗ್ಗರಾಯಿತು. ದೂಳು ಎಂದುಕೊಂಡರು, ಕಷಾಯ ಕುಡಿದರು. ಕೊನೆಗೆ ಮಂಗಳೂರಿನ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ವಿಶಾಲಾಕ್ಷಮ್ಮನ ಹತ್ತಿರ ಒಬ್ಬ ನರ್ಸ್ ಬಂದು ಮೆಲ್ಲಗೆ ಹೇಳಿದಳು: ‘ಆಪರೇಷನ್ನಿಗೆ ಮುಂಚೆ ಅವ್ರ ಮಾತನ್ನ ರೆಕಾರ್ಡ್ ಮಾಡಿಟ್ಕೊಳ್ಳಿ ಅಮ್ಮ. ಆಮೇಲೆ ಬೇಕು ಅನ್ಸುತ್ತೆ.’ ಅಷ್ಟು ಡಾಕ್ಟರುಗಳಲ್ಲಿ ಒಬ್ಬರಿಗೂ ಹೊಳೆಯದ ಮಾತದು.

ಊರಿಗೆ ಬಂದವರೇ ವಿಶಾಲಾಕ್ಷಮ್ಮ ತಮ್ಮ ಫೋನಿನಲ್ಲಿ ರೆಕಾರ್ಡ್ ಮಾಡಲು ಕೂತರು. ದನ ಕರೆಯುವುದು, ನಾಯಿ ಗದರುವುದು, ಮೊಮ್ಮಗಳ ಹೆಸರು, ಸಾರಿಗೆ ಉಪ್ಪು ಕಮ್ಮಿ ಎನ್ನುವುದು, ಎಲ್ಲವನ್ನೂ ಹೇಳಿಸಿದರು. ಮದುವೆಯಾದ ಹೊಸದರಲ್ಲಿ ಬಾಡಿಗೆ ಜೀಪು ಕೆಸರಿನಲ್ಲಿ ಹೂತು, ಹೊಸ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಹೆಂಡತಿ ನಡೆದುಬಂದ ಕತೆಯನ್ನು ಎರಡು ಸಲ ಹೇಳಿಸಿದರು. ‘ನಾನೇನು ಸಾಯ್ತಿದೀನೇನೇ?’ ಎಂದು ರೇಗಿದರು ನಾಗೇಶಪ್ಪ. ಅದೂ ರೆಕಾರ್ಡ್ ಆಯಿತು. ‘ಇನ್ನೇನು ಹೇಳ್ಲಿ ನಿಂಗೆ?’ ಎಂದು ಕೇಳಿ ನಕ್ಕರು. ಅದೂ ಆಯಿತು.

ಆಪರೇಷನ್ ಆಗಿ ಗಂಡ ಮನೆಗೆ ಬಂದರು. ಕಾಣುವುದಕ್ಕೆ ಚೆನ್ನಾಗಿದ್ದಾರೆ, ಊಟ ಮಾಡುತ್ತಾರೆ, ತೋಟಕ್ಕೆ ಹೋಗುತ್ತಾರೆ. ಏನಾದರೂ ಬೇಕಾದರೆ ಚಪ್ಪಾಳೆ ತಟ್ಟುತ್ತಾರೆ. ವಿಶಾಲಾಕ್ಷಮ್ಮ ಹಾಲು ಕರೆಯಲು ಹೋದಾಗ ಕೊಟ್ಟಿಗೆಯಲ್ಲಿ ಫೋನನ್ನು ಕಿವಿಗೆ ಹಿಡಿದುಕೊಂಡು ಒಂದೊಂದೇ ಕೇಳುತ್ತಿದ್ದರು. ಗಂಡನ ಎದುರಿಗೆ ಕೇಳುವುದು ಚೆನ್ನಾಗಿರುವುದಿಲ್ಲ ಎಂದು ಅವರಿಗೆ ಅನಿಸುತ್ತಿತ್ತು.

ಮುಂದಿನ ಕೊಯ್ಲಿನ ಹೊತ್ತಿಗೆ ಆ ಫೋನು ಹಟ ಹಿಡಿಯಿತು. ಒತ್ತಿದರೆ ತೆರೆಯದು, ತೆರೆದರೆ ಮುಚ್ಚದು. ಬಣಕಲ್‌ನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅನಿಲನ ಹತ್ತಿರ ಕೊಂಡುಹೋದರು.

‘ತುಂಬಿ ಹೋಗಿದೆ ಅಮ್ಮ. ಬಿಟ್ಟು ಹೋಗಿ, ಸಾಯಂಕಾಲ ಕೊಡ್ತೀನಿ.’

‘ಇದ್ರಲ್ಲಿ ನಮ್ಮನೆಯವ್ರ ಮಾತಿದೆ ಕಣಪ್ಪ. ಅದು ಹೋಗ್ಬಾರ್ದು.’

‘ನಾನ್ ನೋಡ್ಕೋತೀನಿ ಬಿಡಿ’ ಎಂದ ಅವನು, ತಲೆ ಎತ್ತದೆ.

ಮಧ್ಯಾಹ್ನ ಕಣದಲ್ಲಿ ಕಾಫಿ ಕೆದಕುತ್ತಿದ್ದಾಗ ಗಂಡನ ಹಳೇ ಫೋನು ಹೊಡೆದುಕೊಂಡಿತು. ಎತ್ತಿದರೆ ಅನಿಲ.

‘ಅಮ್ಮ, ಕಾಪಿ ಆಯ್ತಾ?’

‘ಆಯ್ತಪ್ಪ, ಆಗ್ಲೇ ಆಯ್ತು.’

‘ಹಾಗಾದ್ರೆ ಮಾಡ್ಬಿಡ್ಲಾ?’

‘ಹೂಂ, ಮಾಡು.’

ಪರವಾಗಿಲ್ಲ, ಮರ್ಯಾದೆ ಗೊತ್ತಿರುವ ಹುಡುಗ ಎಂದುಕೊಂಡು ಮತ್ತೆ ಕೆದಕಲು ಶುರು ಮಾಡಿದರು.

ಸಂಜೆ ಕೈಗೆ ಬಂದ ಫೋನು ಹೊಸದರ ಹಾಗೆ ಹೊಳೆಯುತ್ತಿತ್ತು. ಒಳಗೆ ಏನೂ ಇರಲಿಲ್ಲ. ದನ ಕರೆದದ್ದಿಲ್ಲ, ಜೀಪಿನ ಕತೆಯಿಲ್ಲ, ನಗು ಇಲ್ಲ. ಅನಿಲ ರಿಸೆಟ್ ಮಾಡಿ ಗುಡಿಸಿಟ್ಟಿದ್ದ.

‘ನಾನು ಫೋನ್ ಮಾಡಿ ಕೇಳ್ದೆ ಅಲ್ವಾ ಅಮ್ಮ, ಕಾಪಿ ಆಯ್ತಾ ಅಂತ. ನೀವೇ ಆಯ್ತು ಅಂದ್ರಿ.’

‘ನಾನು ಕುಡ್ದಿದ್ದು ಹೇಳ್ದೆ ಕಣೋ.’

ರೀಚಾರ್ಜಿಗೆಂದು ನಿಂತಿದ್ದವರೊಬ್ಬರು ಕಿಸಕ್ಕೆಂದು ನಕ್ಕರು. ನೋಡಿ, ಗಂಡಸಿನ ಗಂಟಲು ಎರಡನೇ ಸಲ ಹೋಗಿದೆ, ಇವರಿಗೆ ನಗು. ಅಲ್ಲ, ಇಡೀ ದಿನ ರಿಸೆಟ್ಟು, ಫಾರ್ಮ್ಯಾಟು, ಅಪ್‌ಡೇಟು ಎಂದು ಬಾಯಿಗೆ ಬಂದ ಇಂಗ್ಲಿಷು ಉದುರಿಸುವವನಿಗೆ, ‘ಇದನ್ನೆಲ್ಲ ಅಳಿಸ್ತಾ ಇದೀನಿ, ಬೇರೆ ಕಡೆ ಇಟ್ಕೊಂಡಿದೀರಾ?’ ಎಂದು ಬಿಡಿಸಿ ಕೇಳಲು ಏನು ದಾಡಿ? ಬೆಳಿಗ್ಗೆ ಅಷ್ಟು ಸ್ಪಷ್ಟವಾಗಿ ಹೋಗಬಾರದು ಎಂದು ಹೇಳಿ ಬಂದಿದ್ದರಲ್ಲ.

‘ಗಾಬರಿ ಬೇಡ ಅಮ್ಮ, ಕ್ಲೌಡಲ್ಲಿ ಇರ್ಬೋದು.’

‘ಹಂಗಂದ್ರೆ?’

‘ಕ್ಲೌಡು. ಮೋಡ ಇದ್ದ ಹಾಗೆ. ಎಲ್ಲ ಅಲ್ಲಿ ಹೋಗಿ ಕೂತಿರುತ್ತೆ.’

ಮದುವೆಯಾದಾಗಿನಿಂದ ಕಣದಲ್ಲಿ ನಿಂತು, ತಲೆ ಎತ್ತಿ ಎತ್ತಿ ನೋಡಿ, ಓಡಿ ಓಡಿ ಟಾರ್ಪಾಲು ಎಳೆದ ಹೆಂಗಸಿಗೆ ಹೇಳುವ ಮಾತೇ ಇದು? ‘ಮೋಡ ನಂಬ್ಕೊಂಡು ಯಾರಾದ್ರೂ ಕಾಪಿ ಹರವ್ತಾರೇನೋ?’ ಎಂದರು ವಿಶಾಲಾಕ್ಷಮ್ಮ. ಅವನು ಅಕೌಂಟು ತೆರೆದು ನೋಡಿದ. ಫೋಟೋಗಳೆಲ್ಲ ಅಲ್ಲಿ ಭದ್ರವಾಗಿದ್ದವು. ಕಾಫಿ ಹೂವು, ನಾದಿನಿಯ ಮನೆ ಗೃಹಪ್ರವೇಶ, ಯಾರೋ ಕಳಿಸಿದ ಶುಭೋದಯ. ರೆಕಾರ್ಡ್ ಮಾಡಿದ ಮಾತು ಒಂದೂ ಇರಲಿಲ್ಲ. ಅವು ತಾವಾಗಿಯೇ ಅಲ್ಲಿಗೆ ಹೋಗುವುದಿಲ್ಲವಂತೆ, ನಾವೇ ಹೇಳಬೇಕಂತೆ. ಎಲ್ಲ ಮುಗಿದ ಮೇಲೆ ಆ ಬುದ್ಧಿವಾದ.

ಸುದ್ದಿ ಅವರಿಗಿಂತ ಮುಂಚೆ ಊರು ಮುಟ್ಟಿತು. ಬಸ್ಸಿನಲ್ಲಿ, ಹಾಲಿನ ಡೈರಿಯಲ್ಲಿ ಅದೇ ತಮಾಷೆ. ಮನೆಯಲ್ಲಿ ಗಂಡನಿಗೆ ಹೇಳಿದರೆ ಅವರೂ ಹೆಗಲು ಕುಣಿಸಿ ನಕ್ಕು, ಹೋದರೆ ಹೋಯಿತು ಬಿಡು ಎನ್ನುವಂತೆ ಕೈ ಬೀಸಿದರು. ವಿಶಾಲಾಕ್ಷಮ್ಮನಿಗೆ ಮೈಯೆಲ್ಲ ಉರಿಯಿತು. ‘ನಿಮಗೆ ಬೇಡ್ದೆ ಇರ್ಬೋದು. ಕೇಳೋಳು ನಾನು’ ಎಂದು ಎದ್ದು ಹೋದರು.

ಗಂಡ ಮಾತಾಡಿ ಕಳಿಸಿದ ಸಂದೇಶಗಳು ಬೇರೆಯವರ ಫೋನಿನಲ್ಲಾದರೂ ಇರಬೇಕಲ್ಲ ಎಂದು ಹೊಳೆಯಿತು. ಗೋಣಿಬೀಡಿನಲ್ಲಿದ್ದ ಮಗಳು ಭವ್ಯಾಳಿಗೆ ಫೋನು ಮಾಡಿದರು. ‘ಅಪ್ಪ ದಿನಾ ಕಳಿಸ್ತಿದ್ರಲ್ಲಮ್ಮ, ಜಾಗ ಇರಲ್ಲ ಅಂತ ಆಗಾಗ ಅಳಿಸಿಬಿಡ್ತಿದ್ದೆ’ ಎಂದಳು ಭವ್ಯಾ, ಹೇಳಿದವಳೇ ಅಳತೊಡಗಿದಳು. ಭಾವ, ನಾದಿನಿ, ಸೊಸೈಟಿಯ ಗುಮಾಸ್ತ, ಎಲ್ಲರದೂ ಅದೇ ಮಾತು. ಊರಿನವರ ಶುಭೋದಯಕ್ಕೆಲ್ಲ ಜಾಗವಿದೆ, ಇವರ ಒಂದು ಮಾತಿಗೆ ಜಾಗವಿಲ್ಲ. ಪ್ರೀತಿಯಿದ್ದವರು ಒಬ್ಬರೂ ಇಟ್ಟುಕೊಂಡಿರಲಿಲ್ಲ.

ಹಾಗೆ ಯೋಚಿಸುವಾಗಲೇ ನೆನಪಾದದ್ದು ಪಕ್ಕದ ಎಸ್ಟೇಟಿನ ಮಲ್ಲಿಕಾರ್ಜುನಪ್ಪ. ಕಾಯಿಲೆಗೆ ಬಹಳ ಮುಂಚೆ ಬೇಲಿಯ ವಿಷಯಕ್ಕೆ ಜಗಳವಾಗಿ, ನಾಗೇಶಪ್ಪ ಅವರಿಗೊಂದು ಬೈಗುಳದ ಸಂದೇಶ ಕಳಿಸಿದ್ದರು. ಆ ಮನುಷ್ಯ ಅದನ್ನು ಪೊಲೀಸ್ ಸ್ಟೇಷನ್ನಿಗೆ ಕೊಂಡುಹೋಗಿ ಎಲ್ಲರ ಮುಂದೆ ಕೇಳಿಸಿ, ಕೇಸು ಹಾಕಿದ್ದರು. ಅಂದಿನಿಂದ ಎರಡು ಮನೆಗೂ ಮಾತಿಲ್ಲ.

ವಿಶಾಲಾಕ್ಷಮ್ಮ ಸೀರೆ ಬದಲಾಯಿಸಿಕೊಂಡು ಆ ಮನೆಯ ಮೆಟ್ಟಿಲು ಹತ್ತಿದರು. ಮಲ್ಲಿಕಾರ್ಜುನಪ್ಪ ಪೇಪರು ಮಡಿಸಿ ನೋಡಿದರು.

‘ಕೇಸು ವಾಪಸ್ ತಗೊಳ್ಳಿ ಅಂತ ಬಂದ್ರಾ ಅಮ್ಮ?’

‘ಕೇಸು ನಡೀಲಿ ಬಿಡಿ. ನಮ್ಮನೆಯವ್ರು ನಿಮಗೆ ಬೈದದ್ದು ಇದ್ಯಾ?’

‘ಇರ್ದೆ ಏನು’ ಎಂದರು ಅವರು, ಸ್ವಲ್ಪ ಹೆಮ್ಮೆಯಿಂದಲೇ. ‘ಬೀರುವಿನಲ್ಲಿ ಪೆನ್‌ಡ್ರೈವಲ್ಲಿ ಒಂದಿದೆ. ಮೂಡಿಗೆರೆ ವಕೀಲರ ಹತ್ರ ಒಂದು. ಚಿಕ್ಕಮಗಳೂರಲ್ಲಿ ಅಳಿಯನ ಕಂಪ್ಯೂಟರಲ್ಲಿ ಇನ್ನೊಂದು. ಎಲ್ಲಾ ಒಂದೇ ಮನೇಲಿಟ್ರೆ ಬೆಂಕಿ ಬಿದ್ದಾಗ ಏನ್ ಮಾಡೋದು?’

ಹೆತ್ತ ಮಗಳು ಅಳಿಸಿದ್ದನ್ನು ಹಗೆಯವರು ಮೂರು ಕಡೆ ಬಚ್ಚಿಟ್ಟಿದ್ದರು. ಇದಕ್ಕೆ ನಗಬೇಕೋ, ಯಾರ ಕೆನ್ನೆಗಾದರೂ ಬಾರಿಸಬೇಕೋ ವಿಶಾಲಾಕ್ಷಮ್ಮನಿಗೆ ತಿಳಿಯಲಿಲ್ಲ. ಯಾಕೆ ಬೇಕು ಎಂದು ಹೇಳಿದರು. ಮಲ್ಲಿಕಾರ್ಜುನಪ್ಪ ಎದ್ದು ಬೀರುವಿನಿಂದ ಪೆನ್‌ಡ್ರೈವು ತಂದರು. ಆಮೇಲೆ ಸೊಸೆ ಕೃತಿಕಾಳನ್ನು ಕರೆದು, ಅಮ್ಮನ ಫೋನಿಗೆ ಹಾಕಿಕೊಡು ಎಂದರು. ‘ಸರಿ ಇದೆಯಾ ಕೇಳಿ’ ಎಂದು ಅವಳು ಒತ್ತಲು ಹೋದಾಗ ವಿಶಾಲಾಕ್ಷಮ್ಮ ತಡೆದರು. ಆ ಮನೆಯವರ ಮುಂದೆ ಅದನ್ನು ಕೇಳುವುದು ಅವರಿಗೆ ಬೇಡವಾಗಿತ್ತು.

ಅಲ್ಲಿಂದ ನೇರ ಅನಿಲನ ಅಂಗಡಿಗೆ. ಎರಡು ಪೆನ್‌ಡ್ರೈವು ತೆಗೆಸಿದರು. ‘ಎರಡಕ್ಕೂ ಹಾಕು. ಹಾಕಿ, ತೆಗ್ದು, ಮತ್ತೆ ಚುಚ್ಚಿ, ತೆರೆಯುತ್ತಾ ಅಂತ ನನ್ನ ಮುಂದೇನೆ ನೋಡು. ಕಾಪಿ ಗೀಪಿ ಅನ್ಬೇಡ, ನಕಲು ಅನ್ನು.’ ಅನಿಲ ಹಾಗೆಯೇ ಮಾಡಿದ, ದುಡ್ಡು ಬೇಡ ಎಂದ. ಅವರು ದುಡ್ಡನ್ನು ಗಾಜಿನ ಮೇಲೆ ಕುಕ್ಕಿದರು. ಒಂದನ್ನು ಗೋಣಿಬೀಡಿಗೆ ಹೋಗುವವರ ಕೈಯಲ್ಲಿ ಮಗಳಿಗೆ ಕೊಟ್ಟು ಕಳಿಸಿ, ಇದನ್ನು ಅಳಿಸಿದರೆ ತವರಿಗೆ ಬರಬೇಡ ಎಂದು ಫೋನಿನಲ್ಲಿ ಹೇಳಿದರು.

ಮನೆಗೆ ಬಂದಾಗ ನಾಗೇಶಪ್ಪ ಜಗಲಿಯಲ್ಲಿ ಕೂತು ಕಾಳುಮೆಣಸು ಆರಿಸುತ್ತಿದ್ದರು. ವಿಶಾಲಾಕ್ಷಮ್ಮ ಪಕ್ಕದಲ್ಲಿ ಕೂತು, ಈ ಸಲ ಬಚ್ಚಿಡದೆ, ಫೋನು ಒತ್ತಿದರು.

‘ಏ ಮಲ್ಲಿಕಾರ್ಜುನ, ನಿನ್ ಬೇಲಿಗೆ ಕಾಲು ಬಂದಿದ್ಯೇನೋ? ವರ್ಷ ವರ್ಷ ನನ್ ತೋಟಕ್ಕೆ ನಡ್ಕೊಂಡ್ ಬರುತ್ತಲ್ಲ. ನಾಳೆ ಅದನ್ನ ಕಿತ್ತು ಹಳ್ಳಕ್ಕೆ ಎಸಿತೀನಿ, ನೀನೂ ಜೊತೇಲಿ ಬೀಳು.’

ಗೊಗ್ಗರು ಸ್ವರವಲ್ಲ. ರೋಗ ಬರುವ ಮುಂಚಿನ, ತೋಟದ ಮೇಲಿನ ಮೂಲೆಯಿಂದ ಕೇಳುತ್ತಿದ್ದ ಆ ಗಂಟಲು. ಮೆಣಸು ಆರಿಸುತ್ತಿದ್ದ ಕೈ ನಿಂತಿತು. ಫೋನಿನೊಳಗೆ ದೂರದಿಂದ ಹೆಂಗಸೊಬ್ಬಳ ದನಿ ಬಂತು: ‘ಸಾಕು ಬಿಡ್ರೀ, ಬಂದು ಊಟ ಮಾಡಿ.’ ಅದು ವಿಶಾಲಾಕ್ಷಮ್ಮನದೇ. ಅದರ ಹಿಂದೆಯೇ ಗಂಡನ ದನಿ, ಹೆಂಡತಿಯ ಕಡೆ ತಿರುಗಿ:

‘ನೀ ಸುಮ್ನಿರೇ. ಯಾವಾಗ್ ನೋಡಿದ್ರೂ ಮಧ್ಯ ಬಾಯಿ ಹಾಕ್ತಾಳೆ.’

ಮತ್ತೆ ಬೇಲಿ, ಮತ್ತೆ ಹಳ್ಳ, ಅಲ್ಲಿಗೆ ಮುಗಿಯಿತು.

ಇಷ್ಟು ವರ್ಷದ ಸಂಸಾರದಲ್ಲಿ ಆಡಿದ ಲಕ್ಷ ಮಾತುಗಳಲ್ಲಿ ಹೆಂಡತಿಗೆಂದು ಉಳಿದದ್ದು ಅದೊಂದು. ವಿಶಾಲಾಕ್ಷಮ್ಮನ ಕಣ್ಣು ತುಂಬಿತು, ದುಃಖಕ್ಕಿಂತ ಸಿಟ್ಟಿಗೆ. ನಾಗೇಶಪ್ಪ ತಲೆ ತಗ್ಗಿಸಿದರು. ಆಮೇಲೆ ಫೋನನ್ನು ತೋರಿಸಿ, ಗಾಳಿಯಲ್ಲಿ ಅಂಗೈಯಿಂದ ಒರೆಸಿದರು. ಅಳಿಸು. ಹೆಂಡತಿಗೆ ಅರ್ಥವಾಗಲಿಲ್ಲವೆಂದುಕೊಂಡು ಇನ್ನೊಮ್ಮೆ ಒರೆಸಿ, ತಾವೇ ಫೋನಿಗೆ ಕೈ ಚಾಚಿದರು.

ವಿಶಾಲಾಕ್ಷಮ್ಮ ಅದನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದರು.

‘ಮುಟ್ಬೇಡಿ. ಅವ್ರನ್ನ ಬೈದದ್ದನ್ನ ಅವ್ರು ಜೋಪಾನ ಮಾಡಿದ್ರು. ನನ್ನ ಬೈದದ್ದು ನಂದು. ಅದನ್ನ ಅಳಿಸೋಕೆ ನೀವ್ಯಾರು?’