ಕಿವಿ ಮೇಸ್ತ್ರಿಯ ಜಾಣಗಿವುಡು

ಗ್ಯಾರೇಜಿನ ಬೋರ್ಡಿನಲ್ಲಿ ಬೇರೇನೋ ಹೆಸರಿದ್ದರೂ ಊರಿನವರಿಗೆಲ್ಲ ಅವರು ಕಿವಿ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಂತರೆಂದರೆ ಸುತ್ತಲಿದ್ದವರು ಕೆಮ್ಮನ್ನೂ ತಡೆದುಕೊಳ್ಳುತ್ತಿದ್ದರು. ಮೇಸ್ತ್ರಿಗೂ ಅದು ಗೊತ್ತಿತ್ತು. ಹಾಗಾಗಿ ಅಗತ್ಯಕ್ಕಿಂತ ತುಸು ಹೆಚ್ಚು ಹೊತ್ತೇ ಕಣ್ಣು ಮುಚ್ಚುತ್ತಿದ್ದರು.

ಮನೆಯಲ್ಲಿ ಈ ಕಿವಿಗೆ ಅಷ್ಟು ಮರ್ಯಾದೆಯಿರಲಿಲ್ಲ. ಪಕ್ಕದಲ್ಲೇ ಕುಕ್ಕರ್ ಐದು ಸಲ ಕೂಗಿದರೂ ಅವರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. "ಜಾಣಗಿವುಡು!" ಎಂದು ಹೆಂಡತಿ ಎರಡು ವರ್ಷದಿಂದ ಬೈಯುತ್ತಿದ್ದರು.

ಆವತ್ತು ರಿಟೈರ್ಡ್ ಹೆಡ್‌ಮಾಸ್ತರರು ಇಪ್ಪತ್ತು ವರ್ಷದ ತಮ್ಮ ಕಾರನ್ನು ಮೂರನೆಯ ಸಲ ತಂದಿದ್ದರು.

"ಸ್ಟೇರಿಂಗ್ ತಿರುಗಿಸಿದ್ರೆ ಕುಂಯ್ ಅಂತ ಅಳುತ್ತೆ. ಆಮೇಲೆ ಕಲ್ಲಿನ ಹಾಗೆ ಬಿಗಿಯಾಗುತ್ತೆ."

"ಬೆಲ್ಟ್ ಸರಿಯಾಗಿದೆ, ಟಯರಲ್ಲಿ ಗಾಳಿ ಇದೆ. ಅಳೋ ಸದ್ದು ನಂಗಂತೂ ಕೇಳ್ತಿಲ್ಲ ಸಾರ್. ವಯಸ್ಸಾಯ್ತು, ತೋಳಿನ ಬಲ ಕಮ್ಮಿಯಾಗಿರ್ಬೇಕು."

"ನನ್ನ ತೋಳಿನ ವಿಷಯ ಬಿಡ್ರಿ! ಇವತ್ತು ನಿಮಗೆ ಕೇಳಲಿಲ್ಲ ಅಂದ್ರೆ ಕಂಪ್ಯೂಟರ್ ಇಟ್ಟಿರೋ ಆ ಹೊಸ ಗ್ಯಾರೇಜಿಗೆ ಹೋಗ್ತೀನಿ. ಯಾಕೆ ಅಂತ ನಾಲ್ಕು ಜನಕ್ಕೆ ಹೇಳಿಯೇ ಹೋಗ್ತೀನಿ."

ಹೆಡ್‌ಮಾಸ್ತರರು ನಾಲ್ಕು ಜನ ಎಂದರೆ ನಾನೂರು ಎಂದು ಲೆಕ್ಕ. ಮೂವತ್ತು ವರ್ಷದ ಹೆಸರು ಬೀದಿಪಾಲಾಗುವ ಹೊತ್ತು. ಮೇಸ್ತ್ರಿ ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿದರು. ಹೆಡ್‌ಮಾಸ್ತರರು ಒಳಗೆ ಕೂತು ಸ್ಟೇರಿಂಗ್ ತಿರುಗಿಸಿದರು. ಮೇಸ್ತ್ರಿಯ ಹಣೆಯಲ್ಲಿ ಬೆವರು ಬಂತು, ಕಿವಿಗೆ ಮಾತ್ರ ಏನೂ ಬರಲಿಲ್ಲ.

ಊಟದ ಡಬ್ಬಿ ಹಿಡಿದು ಬಂದ ಹೆಂಡತಿ ಪಕ್ಕದಲ್ಲಿ ನಿಂತರು. "ಅಯ್ಯೋ, ಏನ್ರೀ ಇದು ಸದ್ದು, ಸೊಳ್ಳೆ ಕಿವಿಯೊಳಗೇ ಹೊಕ್ಕ ಹಾಗಿದೆ!"

"ಎಲ್ಲಿ?" ಎಂದರು ಮೇಸ್ತ್ರಿ, ಕಣ್ಣು ಬಿಟ್ಟು.

ಹೆಂಡತಿ ಗಂಡನ ಮುಖ ನೋಡಿದರು. ಅದರಲ್ಲಿ ಜಾಣತನದ ಸುಳಿವೇ ಇರಲಿಲ್ಲ. ಎರಡು ವರ್ಷದ ಬೈಗುಳ ಒಮ್ಮೆಲೇ ಗಂಟಲಿಗೆ ವಾಪಸು ಬಂದ ಹಾಗಾಯಿತು. ಡಬ್ಬಿ ಕೆಳಗಿಟ್ಟು ಸ್ಕ್ರೂಡ್ರೈವರ್ ಕಿತ್ತುಕೊಂಡರು. ಬಾನೆಟ್ ಅಡ್ಡವಿದ್ದದ್ದರಿಂದ ಹೆಡ್‌ಮಾಸ್ತರರಿಗೆ ಇದೊಂದೂ ಕಾಣಲಿಲ್ಲ. ಮೇಸ್ತ್ರಿ ತೋರಿಸಿದ ಕಡೆಯೆಲ್ಲ ಆಕೆ ಅದನ್ನು ಇಟ್ಟು ಕೇಳಿ, ಸ್ಟೇರಿಂಗ್ ಪಂಪಿನ ಮೇಲಿಟ್ಟಾಗ ಹೌದೆಂದು ತಲೆಯಾಡಿಸಿದರು.

ಮುಂದಿನದಕ್ಕೆ ಕಿವಿ ಬೇಕಿರಲಿಲ್ಲ. ಸ್ಟೇರಿಂಗ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಸೋಪಿನ ನೀರಿನಂಥ ನೊರೆ. ಪಂಪು ಆಯಿಲ್ ಜೊತೆ ಗಾಳಿಯನ್ನೂ ಕುಡಿಯುತ್ತಿತ್ತು. ಡಬ್ಬಿಯಿಂದ ಪಂಪಿಗೆ ಹೋಗುವ ರಬ್ಬರ್ ಪೈಪು ಕ್ಲಿಪ್ಪಿನ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಪೈಪು, ಕ್ಲಿಪ್ಪು, ಆಯಿಲ್ ಮೂರೂ ಹೊಸದಾದವು. ಮೇಸ್ತ್ರಿ ಮುಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸುತ್ತಿರಲು ಹೆಡ್‌ಮಾಸ್ತರರಿಗೇ ಹೇಳಿದರು. ಆಮೇಲೆ ಸದ್ದು ಇನ್ನೂ ಇದೆಯೇ ಎಂದು ಹೆಂಡತಿಯತ್ತ ಹುಬ್ಬೇರಿಸಿದರು. ಆಕೆ ಇಲ್ಲವೆಂದು ಕತ್ತು ಆಡಿಸಿದರು.

"ಸದ್ದು ಹೋಯ್ತು ಸಾರ್," ಎಂದು ಮೇಸ್ತ್ರಿ ಗಂಭೀರವಾಗಿ ಘೋಷಿಸಿದರು.

ಹೆಡ್‌ಮಾಸ್ತರರು ಒಂದೇ ಬೆರಳಿನಲ್ಲಿ ಸ್ಟೇರಿಂಗ್ ತಿರುಗಿಸಿ ನೋಡಿದರು. "ಅದೇನು ಕಿವಿ ರೀ ನಿಮ್ಮದು!"

"ಎಲ್ಲ ಅಭ್ಯಾಸಬಲ," ಎಂದರು ಮೇಸ್ತ್ರಿ. ಹೆಂಡತಿ ಊಟದ ಡಬ್ಬಿಯನ್ನು ಅಗತ್ಯಕ್ಕಿಂತ ಜೋರಾಗಿ ಅವರ ಮುಂದಿಟ್ಟರು.

ಸಂಜೆ ಕುಕ್ಕರ್ ಕೂಗಿದಾಗ ಆಕೆ ಬೈಯದೆ ಎದ್ದುಹೋಗಿ ಒಲೆ ಆರಿಸಿದರು. ಪಾಪ ಎನಿಸಿ, ಅಡುಗೆಮನೆಯಿಂದಲೇ ಮೆಲುದನಿಯಲ್ಲಿ ಗಂಡನ ಕಿವಿಯನ್ನು ಪರೀಕ್ಷಿಸಿದರು.

"ಭಾನುವಾರ ನಮ್ಮಣ್ಣನ ಮನೆಗೆ ಹೋಗ್ಬೇಕು."

ಪೇಪರು ಅಲ್ಲಾಡಲಿಲ್ಲ.

ಅದೇ ದನಿಯಲ್ಲಿ, "ಊಟ ಬಡಿಸ್ಲಾ?"

ಪೇಪರು ಮಡಚಿಕೊಂಡಿತು.

ಅರ್ಧ ನಿಜ, ಅರ್ಧ ಜಾಣ ಎಂದು ಆಕೆ ತೀರ್ಮಾನಿಸಿದರು. ಮಾರನೆಯ ದಿನದಿಂದ ಗ್ಯಾರೇಜಿಗೆ ಊಟದ ಡಬ್ಬಿಯೂ, ಅದರ ಜೊತೆ ಆಕೆಯ ಕಿವಿಯೂ ಒಂದು ಗಂಟೆ ಮೊದಲೇ ಬರತೊಡಗಿದವು.