ಐಸ್ ಕರಗಿರಬೇಕು

ನಮ್ಮ ಚಿಕ್ಕಮ್ಮನ ಕೆಲಸ ಹುಳದ ತಲೆ ಕತ್ತರಿಸುವುದು. ಹಾಗೆಂದರೆ ಮನೆಗೆ ಬಂದವರು ನಗುತ್ತಾರೆ, ಅವಳೂ ನಗುತ್ತಾಳೆ. ಹತ್ತೊಂಬತ್ತು ವರ್ಷದಿಂದ ಪ್ರಯೋಗಾಲಯವೊಂದರಲ್ಲಿ ಹಿಟ್ಟಿನ ಹುಳ ಸಾಕುತ್ತಿದ್ದಾಳೆ. ಎಳ್ಳಿನಷ್ಟೇ ಗಾತ್ರದ ಹುಳ. ಸೂಕ್ಷ್ಮದರ್ಶಕದ ಕೆಳಗೆ ತಲೆ ಬೇರ್ಪಡಿಸಿ, ತಕ್ಷಣ ಐಸಿನಲ್ಲಿಟ್ಟ ಸೀಸೆಗೆ ಹಾಕಬೇಕು. ಸಾವಿರ ತಲೆ ಸೇರಿದ ಮೇಲೆ ಪ್ರಯೋಗಾಲಯದ ಮುಖ್ಯಸ್ಥರು, ಅವಳ ಬಾಯಲ್ಲಿ ‘ಸರ್’, ಅವನ್ನು ಅರೆದು ಸೋಸುತ್ತಿದ್ದರು.

ಸರ್ ಹುಡುಕುತ್ತಿದ್ದುದು ಒಂದು ಹಾರ್ಮೋನು. ಮಿದುಳಿನಿಂದ ಹೊರಟು ಗ್ರಂಥಿಗೆ ‘ಸಾಕು, ನಿಲ್ಲಿಸು’ ಎಂದು ಹೇಳುವ ಪುಟ್ಟ ಪ್ರೋಟೀನು. ಜಿರಳೆಯಲ್ಲಿ ಅದು ಸಿಕ್ಕಿತ್ತು. ಹಿಟ್ಟಿನ ಹುಳದಲ್ಲಿ ಮಾತ್ರ ಸಿಗಲೊಲ್ಲದು. ಪ್ರತಿ ಸಲವೂ ಸರ್ ಒಂದೇ ಮಾತು ಹೇಳುತ್ತಿದ್ದರು: ಐಸ್ ಕರಗಿರಬೇಕು, ಅಷ್ಟರಲ್ಲಿ ಅದು ಹಾಳಾಗಿದೆ. ಚಿಕ್ಕಮ್ಮ ಎದುರಾಡಲಿಲ್ಲ. ಊಟ ಬಿಟ್ಟು ಐಸ್ ತುಂಬಿದಳು. ಬರಬರುತ್ತಾ ಬೆರಳ ತುದಿಗಳು ಮರಗಟ್ಟಿದವು. ಈಗ ಸೂಜಿಗೆ ದಾರ ಪೋಣಿಸಲು ನಮ್ಮನ್ನು ಕರೆಯುತ್ತಾಳೆ.

ನಿವೃತ್ತರಾಗಿ ಹೋಗುವಾಗ ಸರ್, ನೀನು ಬಿಡಬೇಡ ಎಂದಿದ್ದರು. ಅವಳು ಬಿಡಲಿಲ್ಲ.

ಈ ವರ್ಷ ಸರ್ ಜಾಗಕ್ಕೆ ಬಂದ ಹೊಸ ಮೇಡಂ, ಆ ಹುಳದ ಜೀನೋಮನ್ನೆಲ್ಲ ಕಂಪ್ಯೂಟರಿನಲ್ಲಿ ಜಾಲಾಡಿ ಅದರ ಹಾರ್ಮೋನುಗಳ ಪಟ್ಟಿ ಮಾಡಿದರು. ಸರ್ ಹುಡುಕಿದ್ದು ಪಟ್ಟಿಯಲ್ಲಿರಲಿಲ್ಲ. ಮೂರು ಸಲ ಹುಡುಕಿದರು. ಕೊನೆಗೆ ಚಿಕ್ಕಮ್ಮನನ್ನು ಕರೆದು ಹೇಳಿದರು:

“ಈ ಹುಳದಲ್ಲಿ ಆ ಹಾರ್ಮೋನು ಮಾಡೋ ಜೀನೇ ಇಲ್ಲಮ್ಮ. ಇದರ ವಂಶ ಯಾವ ಕಾಲದಲ್ಲೋ ಅದನ್ನ ಕಳ್ಕೊಂಡಿದೆ. ನೀವು ಐಸಿನ ಬೆಟ್ಟದ ಮೇಲೆ ಕೂತು ಕತ್ತರಿಸಿದ್ರೂ ಸಿಗ್ತಿರ್ಲಿಲ್ಲ.”

ಅವತ್ತು ಸಂಜೆ ಚಿಕ್ಕಮ್ಮ ತನ್ನ ಕೈಗಳನ್ನು ಬಹಳ ಹೊತ್ತು ನೋಡಿಕೊಂಡಳು. ಮಾರನೆಯ ದಿನ ಪಟ್ಟಿಯನ್ನು ಮಡಚಿ ಚೀಲದಲ್ಲಿಟ್ಟು ಸರ್ ಮನೆಗೆ ಹೊರಟಳು. ತಪ್ಪು ನನ್ನದಲ್ಲ ಅಂತ ಒಂದೇ ಒಂದು ಸಲ ಅವರ ಬಾಯಲ್ಲಿ ಕೇಳಬೇಕು, ಅಷ್ಟೇ ಅಂದಳು.

ಸರ್ ಹಾಸಿಗೆ ಹಿಡಿದಿದ್ದರು. ಹಳೆಯ ನೋಟ್‌ಬುಕ್ಕುಗಳು ದಿಂಬಿನ ಪಕ್ಕದಲ್ಲೇ ಇದ್ದವು. ಹುಳದ ಸುದ್ದಿ ಬರುತ್ತೆ ಅಂತಲೇ ದಿನ ದೂಡುತ್ತಿದ್ದಾರೆ ಎಂದು ಅವರ ಹೆಂಡತಿ ಬಾಗಿಲಲ್ಲೇ ಪಿಸುಗುಟ್ಟಿದ್ದರು.

“ಏನಮ್ಮಾ, ಸಿಕ್ತಾ?” ಸರ್ ಕೇಳಿದರು.

ಚಿಕ್ಕಮ್ಮ ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಇಲ್ಲ ಸರ್. ಐಸ್ ಕರಗಿಬಿಡ್ತು.”

“ನಾನು ಹೇಳಿರ್ಲಿಲ್ವಾ,” ಎಂದು ಸರ್ ಕಣ್ಣು ಮುಚ್ಚಿದರು. ಮುಖದಲ್ಲಿ ನೆಮ್ಮದಿ ಇತ್ತು. “ಮುಂದಿನ ಸಲ ಜಾಸ್ತಿ ಹಾಕು.”

“ಹಾಕ್ತೀನಿ ಸರ್.”

ಅವರ ಹೆಂಡತಿ ಚಹಾ ತಂದುಕೊಟ್ಟರು. ಲೋಟ ಎಷ್ಟು ಬಿಸಿಯಿತ್ತೆಂದು ಚಿಕ್ಕಮ್ಮನಿಗೆ ತಿಳಿದದ್ದು ತುಟಿ ಸುಟ್ಟಾಗಲೇ.