ಎಲ್ಲಿಗೆಂದು ಕೇಳದ ಮನೆ

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಮ್ಮ ಧಾರವಾಡದ ಮನೆಯಲ್ಲೂ ಹೇಳುತ್ತಿದ್ದರು. ಅಪ್ಪ ಚಪ್ಪಲಿ ಮೆಟ್ಟಿದ ಮೇಲೆ ಯಾರಾದರೂ ಬಾಯಿತಪ್ಪಿ ಕೇಳಿದರೆ, ಒಳಗೆ ಬಂದು ಕುಳಿತು, ನೀರು ಕುಡಿದು, ಮತ್ತೆ ಹೊರಡುತ್ತಿದ್ದ. ತೀರ ಕೇಳಲೇಬೇಕಿದ್ದರೆ ‘ದೂರ ಹೊಂಟೀರೇನು?’ ಎನ್ನಬೇಕು. ಲಂಡನ್ನಿಗೆ ಬಂದು ಇಲ್ಲಿನ ನಗರಸಭೆಯಂಥ ಕೌನ್ಸಿಲ್ಲಿನ ಮಕ್ಕಳ ವಿಭಾಗ ಸೇರಿದ ಮೇಲೆ ಆ ಪ್ರಶ್ನೆಯೇ ನನ್ನ ಹೊಟ್ಟೆಪಾಡಾಯಿತು. ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು. ಮನೆಯಲ್ಲಿ ಮಗಳನ್ನೂ ಕೇಳುತ್ತೇನೆ. ಅವಳು ‘ಔಟ್’ ಎಂದು ಬಾಗಿಲು ಎಳೆದುಕೊಂಡು ಹೋಗುತ್ತಾಳೆ.

ನನ್ನ ಪಾಲಿಗೆ ಬರುವವರು ಅಪ್ಪ ಅಮ್ಮ ಯಾರೂ ಇಲ್ಲದೆ ಒಬ್ಬೊಬ್ಬರೇ ಗಡಿ ದಾಟಿ ಬಂದ ಮಕ್ಕಳು. ಅವರಿಗೊಂದು ಸಾಕುಮನೆ ಹುಡುಕುವುದು, ಆ ಮನೆಯವರಿಗೆ ಧೈರ್ಯ ಹೇಳುವುದು, ಆಗಾಗ ಹೋಗಿ ನೋಡಿ ಬರುವುದು ನನ್ನ ಕೆಲಸ. ಅವರಲ್ಲೊಬ್ಬಳಾದ ವಿಯೆಟ್ನಾಂ ಹುಡುಗಿ ಸಿಕ್ಕಿದ್ದು ಲಾರಿಯೊಂದರ ಒಳಗೆ, ಡಬ್ಬಗಳ ಹಿಂದೆ. ಅಂಥವರ ವಿಷಯದಲ್ಲಿ ನಮಗೆ ಇರುವ ಭಯ ಒಂದೇ. ಕರೆತಂದವರು ಅವರನ್ನು ಬಿಟ್ಟುಬಿಟ್ಟಿರುವುದಿಲ್ಲ. ಹೊರಗೆಲ್ಲೋ ಕಾಯುತ್ತಿರುತ್ತಾರೆ, ಒಂದು ಫೋನು ಮಾಡಿದರೆ ಮಗು ತಾನಾಗಿಯೇ ಎದ್ದು ಹೋಗುತ್ತದೆ. ಆಮೇಲೆ ಅದನ್ನು ಯಾವ ಉಗುರಿಗೆ ಬಣ್ಣ ಹಚ್ಚುವ ಅಂಗಡಿಯಲ್ಲಿ, ಯಾವ ಕಿಟಕಿ ಮುಚ್ಚಿದ ಮನೆಯಲ್ಲಿ ದುಡಿಸುತ್ತಾರೋ ದೇವರೇ ಬಲ್ಲ.

ಅವಳನ್ನು ಇರಿಸಿಕೊಂಡವರು ಲಂಡನ್ನಿನ ಕಿಂಗ್ಸ್‌ಬರಿಯಲ್ಲಿದ್ದ ಕುಂದಾಪುರ ಕಡೆಯ ದಂಪತಿ. ಗಂಡ ವೆಂಬ್ಲಿಯ ಹೋಟೆಲೊಂದರಲ್ಲಿ ಅಡುಗೆಯವರು. ಮಗ ಮದುವೆಯಾಗಿ ಬೇರೆ ಹೋದ ಮೇಲೆ ಮಹಡಿಯ ಕೋಣೆ ಖಾಲಿಯಿತ್ತು. ಹೆಂಡತಿಯನ್ನು ನಾನು ಅಕ್ಕಾರ ಎನ್ನುತ್ತಿದ್ದೆ. ಮಾತು ಜಾಸ್ತಿ, ಮನಸ್ಸು ಬೆಣ್ಣೆ. ಹುಡುಗಿ ಬಂದ ಹೊಸತರಲ್ಲಿ ಬ್ರೆಡ್ಡು, ಪಾಸ್ತಾ ಏನು ಕೊಟ್ಟರೂ ಮುಟ್ಟಲಿಲ್ಲ. ಸೋತು ಒಂದು ಬೆಳಿಗ್ಗೆ ತಮಗಾಗಿ ಬೇಯಿಸಿದ ಗಂಜಿಯನ್ನೇ ಬಡಿಸಿದರಂತೆ. ಎರಡು ಬಟ್ಟಲು ಕುಡಿದಳು. “ಅವ್ರ ಊರಗೂ ಗಂಜಿ ಉಣ್ತ್ರ್ ಅಂಬ್ರ್ ಕಾಣಿ! ಮೀನಿನ್ ತಲೆ ಸಾ ಬಿಡುದಿಲ್ಲ ಮಾರಾಯ್ರೆ, ನಮ್ ಹೆಣ್ಣೇ,” ಎಂದು ಫೋನಿನಲ್ಲಿ ಕೂಗಿ ಹೇಳಿದ್ದರು. ಒಂದು ಮಗುವಾದರೂ ದಡ ಸೇರಿತು ಎಂದುಕೊಂಡೆ.

ಹೋದಾಗಲೆಲ್ಲ ನನ್ನದು ಅದೇ ಪಾಠ. “ಅಕ್ಕಾರ, ಹೊರಗ ಹೊಂಟ್ರ ಎಲ್ಲಿಗೆ ಅಂತ ಕೇಳ್ರಿ. ಉತ್ತರ ಸರಿ ಅನಸದಿದ್ರ ಬಿಡಬ್ಯಾಡ್ರಿ, ನನಗ ಫೋನ್ ಹಚ್ರಿ.” ಅವರು ತಲೆಯಾಡಿಸುತ್ತಿದ್ದರು.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಹುಡುಗಿ ಶೂ ಹಾಕಿಕೊಂಡು, ಬೆನ್ನಿಗೆ ಚೀಲ ಏರಿಸಿ ಹೊರಟಳು. ಸಂಜೆಯಾದರೂ ಬರಲಿಲ್ಲ. ಅವಳ ಫೋನು ಬಂದ್ ಆಗಿತ್ತು. ನಾನು ಹೋಗುವಷ್ಟರಲ್ಲಿ ಪೊಲೀಸಿನವಳು ಸೋಫಾದ ತುದಿಯಲ್ಲಿ ಕುಳಿತಿದ್ದಳು. ಹುಡುಗಿ ಎಲ್ಲಿಗೆ ಹೋಗುತ್ತೇನೆಂದು ಹೇಳಿದ್ದಳು ಎಂದು ಅವಳು ಅಕ್ಕನನ್ನು ಕೇಳಿದಳು. ಅಕ್ಕ ನನ್ನ ಮುಖ ನೋಡಿದರು.

“ಕೇಳ್ಲಿಲ್ಲ,” ಎಂದರು ಕನ್ನಡದಲ್ಲಿ. “ದೂರವಾ ಅಂತ ಕೇಳ್ದೆ. ನೋ ಫಾರ್ ಅಂದ್ಲ್.”

ಸಿಟ್ಟು ನೆತ್ತಿಗೇರಿತು. ಪೊಲೀಸಿನವಳ ಎದುರಿಗೇ ಬಾಯಿ ಮಾಡಿದೆ. “ಎಷ್ಟ್ ಸಲ ಬಡ್ಕೊಂಡೀನ್ರಿ ಅಕ್ಕಾರ! ಚೀಲ ಬ್ಯಾರೆ ಹಾಕ್ಕೊಂಡಿದ್ಲು, ಒಂದ್ ಮಾತು ಕೇಳಾಕ ಏನಾಗಿತ್ತು?”

“ಹೊರಟರನ್ನ ಎಲ್ಲಿಗೆ ಅಂದ್ ಕೇಂಬುಕಾಗ ಅಲ್ದಾ?” ಎಂದರು, ಇಷ್ಟು ಸಣ್ಣ ವಿಷಯವೂ ಗೊತ್ತಿಲ್ಲವೇ ಎನ್ನುವ ಹಾಗೆ. “ನಮ್ ಮಗನಿಗೂ ಒಂದ್ ದಿನ ಕೇಂಡದ್ದಿಲ್ಲ. ಅವ್ಳಿಗೆ ಒಳ್ಳೇದಾಯ್ಲಿ ಅಂದೇಳಿಯೇ...” ಗಂಡ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು.

ಅಕ್ಕ ಏನು ಹೇಳಿದರು ಎಂದು ಪೊಲೀಸಿನವಳು ನನ್ನನ್ನು ಕೇಳಿದಳು. ನಾನು ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಹೊರಟೆ. ಅದು ನನ್ನ ಬಾಯಲ್ಲೇ ಮೂಢನಂಬಿಕೆಯಾಗಿ, ಬೇಜವಾಬ್ದಾರಿಯಾಗಿ ಕೇಳಿಸಿತು. ಕೇಳುತ್ತಿದ್ದವಳು ಸಭ್ಯವಾಗಿ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಗೆ ನನಗೆ ಎಲ್ಲಕ್ಕಿಂತ ಹೆಚ್ಚು ಕೋಪ ಬಂತು.

ಕೇಳಿದ್ದರೆ ನಿಲ್ಲುತ್ತಿದ್ದಳೇ? ನನಗೇನೂ ಹಾಗೆ ಅನ್ನಿಸುವುದಿಲ್ಲ. ಲೈಬ್ರರಿಗೆ ಎಂದು ಹೇಳಿ ಹೋಗುತ್ತಿದ್ದಳು, ಅಷ್ಟೆ. ಎಲ್ಲಿಗೆಂದು ಕೇಳಿದ ಮೇಲೂ ಮಾಯವಾದ ಮಕ್ಕಳು ನನ್ನ ಲೆಕ್ಕದಲ್ಲಿ ಬೇಕಾದಷ್ಟಿದ್ದಾರೆ. ಇದನ್ನು ಅಕ್ಕನಿಗೂ ಹೇಳಿದೆ. ಅವರು ನಂಬಲಿಲ್ಲ. ಗಂಡನ ರಜಾದಿನಗಳಲ್ಲಿ ಇಬ್ಬರೂ ಬಸ್ಸು ಹತ್ತಿ ಉಗುರು ಬಣ್ಣದ ಅಂಗಡಿಗಳ ಗಾಜಿನೊಳಗೆ ಇಣುಕಿ ನೋಡುತ್ತಿದ್ದರು. ಸೌತ್‌ಹಾಲ್‌ನಲ್ಲಿ ಒಬ್ಬಾಕೆ ಇವರನ್ನು ಬೈದು ಕಳಿಸಿದಳಂತೆ. ಪೊಲೀಸರು ಕ್ಯಾಮೆರಾಗಳಲ್ಲಿ ಹುಡುಕಿದರು. ಟ್ಯೂಬ್ ರೈಲಿನ ಸ್ಟೇಷನ್ ಬಾಗಿಲಲ್ಲಿ ಒಬ್ಬಾತ ಅವಳ ಚೀಲ ಇಸಿದುಕೊಂಡಿದ್ದು ಕಂಡಿತು. ಅವಳು ಅವನ ಹಿಂದೆ ತಲೆತಗ್ಗಿಸಿ ನಡೆದಿದ್ದಳು. ಅದಾದ ಮೇಲೆ ಏನೂ ಸಿಗಲಿಲ್ಲ.

ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ನಾವು ಜನವರಿ ಒಂದನ್ನು ಕೊಡುತ್ತೇವೆ. ಹೊಸ ವರ್ಷದ ದಿನ ಅವಳಿಗೆ ಹದಿನೆಂಟು ತುಂಬಿತು. ಪೊಲೀಸರ ಕಡತದಲ್ಲಿ ಕಾಣೆಯಾದವಳಾಗಿಯೇ ಉಳಿದಳು, ನಮ್ಮ ವಿಭಾಗಕ್ಕೆ ಮಾತ್ರ ಅವಳು ಇನ್ನು ಮಗುವಲ್ಲ. ಅದೇ ವಾರ ಇನ್ನೊಬ್ಬ ಹುಡುಗಿ ಬಂದಿಳಿದಳು. ಸಾಕುಮನೆಗಳೆಲ್ಲ ಭರ್ತಿ. ಕಿಂಗ್ಸ್‌ಬರಿಯ ಕೋಣೆ ಕೇಳು ಎಂದು ಮ್ಯಾನೇಜರ್ ನನ್ನನ್ನೇ ಕಳಿಸಿದರು. ವಿಚಾರಣೆ ಮುಗಿದಿತ್ತು, ಆ ದಂಪತಿಯ ಮೇಲೆ ತಪ್ಪು ಹೊರಿಸಿರಲಿಲ್ಲ.

ವಿಷಯ ಹೇಳಿದೆ. ಅಕ್ಕ ಸೆರಗಿನ ಅಂಚು ಮಡಚತೊಡಗಿದರು.

“ಈ ಹೆಣ್ಣ್ ಬಂದ್ರೆ ಆ ಕೋಣಿಗೆ ಮಲಗ್ಕ್ ಅಲ್ದಾ,” ಎಂದರು. “ನಾಳೆ ಅವ್ಳ್ ಬಂದ್ರೆ ಎಲ್ ಮಲಗುದ್?”

ಸುಳ್ಳು ಹೇಳಬಹುದಿತ್ತು. ಬಂದಾಗ ನೋಡೋಣ ಎನ್ನಬಹುದಿತ್ತು. ಇಂಥ ಹೊತ್ತಿಗೆಂದೇ ಒಳ್ಳೊಳ್ಳೆಯ ಮಾತುಗಳನ್ನು ನಮಗೆ ತರಬೇತಿಯಲ್ಲಿ ಕಲಿಸಿರುತ್ತಾರೆ.

“ಆಕಿ ಬರೂದಿಲ್ರಿ ಅಕ್ಕಾರ,” ಎಂದೆ.

ಅವರು ಅಳಲಿಲ್ಲ. ಎದ್ದು ಮಹಡಿಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಹಾಸಿಗೆಯ ಚಾದರ ಕೊಡವುವ ಸದ್ದು ಕೇಳಿಸಿತು.